ಹೊಲದ ನಡುವಿನ ಆಕಾಶ ರಾತ್ರಿ: 850 ರೂಪಾಯಿಗೆ ಸೀತನಿ, ಚಳಿ ಮತ್ತು ಕಾಣದ ನಕ್ಷತ್ರಗಳು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಕಟ್ ಮಾಡಿದ ಆ ಒಂದು ಸ್ಟಾರ್ ಪೂರ್ತಿ ಈ ಆಕಾಶ ನೋಡುವ ರಾತ್ರಿ ನಡೆಸುವವರ ಪೋಸ್ಟರಿನ ಖಾತೆಗೆ. ವಾಟ್ಸಾಪಿನಲ್ಲಿ ಬಂದ ಪೋಸ್ಟರಿನ ಮೇಲೆ ‘ಬನ್ನಿ, ಗಾಮಾ ಕಿರಣ ಸ್ಫೋಟ ನೋಡಿ’ ಅಂತ ದಪ್ಪಗೆ ಬರೆದಿತ್ತು. ದೂರದ ಗ್ಯಾಲಕ್ಸಿಯಲ್ಲಿ ಭಾರೀ ನಕ್ಷತ್ರ ಸಾಯುವಾಗ ಸ್ವಲ್ಪ ಹೊತ್ತು ಬರುವ ಗಾಮಾ ಕಿರಣದ ಮಿಂಚು ಅದು. ಪಕ್ಕದಲ್ಲಿ ಪಟಾಕಿ ಪೊಟ್ಟಣದ ಮೇಲೆ ಇರುತ್ತದಲ್ಲ, ಅಂಥ ಬೆಂಕಿ ಉಂಡೆ. ಹೋದ ಮೇಲೆ ಗೊತ್ತಾಯಿತು, ಹೊಲದಲ್ಲಿ ನಿಂತು ಅದನ್ನು ಯಾರೂ ತೋರಿಸಲಾರರು. ಗಾಮಾ ಕಿರಣ ನಮ್ಮ ಗಾಳಿ ದಾಟಿ ನೆಲಕ್ಕೆ ಬರುವುದೇ ಇಲ್ಲ, ಹಿಡಿಯಲು ಮೇಲೆ ಉಪಗ್ರಹ ಬೇಕು. ಹಾಗಂತ ದುಡ್ಡು ದಂಡ ಆಯಿತಾ ಅಂದರೆ, ಇಲ್ಲ. ಯಾಕೆ ಇಲ್ಲ ಅನ್ನುವುದನ್ನೇ ಬರೆಯಲು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಚಹಾ ಮಾಡಿಕೊಂಡು ಬನ್ನಿ.

ಜಾಗದ ಹೆಸರು ಹಾಕುವುದಿಲ್ಲ. ಈಗಲೇ ಜನ ಜಾಸ್ತಿ ಆಗಿದ್ದಾರೆ, ಹೆಸರು ಬರೀಬೇಡ್ರಿ ಅಂತ ಅವರೇ ಕೈ ಮುಗಿದರು. ವಿಜಯಪುರದವರಿಗೆ ಇಷ್ಟು ಸಾಕು: ಇಂಡಿ ಕಡೆ ಹೋಗುವ ರಸ್ತೆ, ಬಿಳಿ ಜೋಳದ ಹೊಲ, ರಿಟೈರಾದ ಫಿಜಿಕ್ಸ್ ಸರ್ ಒಬ್ಬರು, ಹೊಲದ ಮಾಲೀಕನ ಮಗ ಒಬ್ಬ. ಹುಡುಗ ಊಟ, ಹಾಸಿಗೆ, ಬುಕಿಂಗ್ ನೋಡಿಕೊಳ್ಳುತ್ತಾನೆ, ಸರ್ ಆಕಾಶ ನೋಡಿಕೊಳ್ಳುತ್ತಾರೆ. ಚಳಿಗಾಲದ ಮೂರ್ನಾಲ್ಕು ಅಮಾವಾಸ್ಯೆ ಸುತ್ತಮುತ್ತ ಮಾತ್ರ ನಡೆಸುತ್ತಾರೆ. ತಲೆಗೆ 850 ರೂಪಾಯಿ, ಮಕ್ಕಳಿಗೆ ಅರ್ಧ. ಸಂಜೆ ಆರಕ್ಕೆ ಹೋದರೆ ಬೆಳಿಗ್ಗೆ ಚಹಾ ಕುಡಿದು ಎದ್ದು ಬರುವುದು. ನಾವು ಮೂರು ಜನ ಹೋಗಿದ್ದೆವು: ನಾನು, ನಮ್ಮ ಮನೆಯವಳು, ಪಿಯುಸಿ ಓದುವ ಅಕ್ಕನ ಮಗಳು. ಎಳ್ಳಮವಾಸ್ಯೆ ಆದ ಮರುದಿನ. ಚರಗ ಚೆಲ್ಲಿದ ಹೊಲದಲ್ಲಿ ಇನ್ನೂ ಭಜ್ಜಿ, ಕಡುಬಿನ ವಾಸನೆ ಇತ್ತು ಅಂದರೆ ಉತ್ಪ್ರೇಕ್ಷೆ ಆಗುತ್ತದೆ, ಆದರೆ ಇತ್ತು.

ಮೊದಲ ತಕರಾರು, ಮ್ಯಾಪಿನ ಪಿನ್. ಅವರು ಕಳಿಸಿದ ಪಿನ್ ಹಿಡಿದು ಹೋದರೆ ಒಂದು ಪತ್ರಾ ಶೆಡ್ಡಿನ ಮುಂದೆ ನಿಂತೆವು. ನಾಯಿ ಬೊಗಳುತ್ತಿದೆ, ಒಳಗೆ ಒಂದು ದೀಪ, ಮನುಷ್ಯರ ಸುಳಿವಿಲ್ಲ. ಹತ್ತು ನಿಮಿಷ ಹಾರ್ನ್ ಹೊಡೆದ ಮೇಲೆ ಕಂಬಳಿ ಹೊದ್ದ ಒಬ್ಬ ಅಜ್ಜ ಬಂದ.

‘ಕಾಕಾ, ಆಕಾಶ ತೋರಸೋ ಹೊಲ ಇದ ಏನ್ರಿ?’

‘ಇಲ್ಲಿ ಆಕಾಶ ಇಲ್ರಿ. ಆಕಾಶ ಹಿಂದಿನ ಹೊಲದಾಗ ಐತಿ.’

ನಮ್ಮ ಮನೆಯವಳು ಈಗಲೂ ಆ ಮಾತು ಹೇಳಿಕೊಂಡು ನಗುತ್ತಾಳೆ. ಆಗಿದ್ದೇನೆಂದರೆ, ರಸ್ತೆಯಿಂದ ನೋಡಿದರೆ ಶೆಡ್ಡಿನ ದೀಪ ಮತ್ತು ಅದರ ಹಿಂದಿನ ಹೊಲದ ದೀಪ ಎರಡೂ ಒಂದೇ ಗೆರೆಯಲ್ಲಿವೆ. ಎರಡು ದೀಪ ಒಂದೇ ದೀಪದ ಹಾಗೆ ಕಾಣುತ್ತವೆ. ಪಿನ್ ಹಾಕಿದವನೂ ಮುಂದಿನದಕ್ಕೇ ಹಾಕಿಬಿಟ್ಟಿದ್ದಾನೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಬರುತ್ತದೆ.

ಜಾಗ ಹೇಗಿದೆ? ಚೊಕ್ಕ ಇದೆ. ಟಾಯ್ಲೆಟ್ಟು ಒಂದೇ, ಸ್ವಲ್ಪ ದೂರ, ಟಾರ್ಚು ನಿಮ್ಮದೇ ತನ್ನಿ. ಮೇಲೆ ಕೆಂಪು ಹಾಳೆ ಸುತ್ತಿ, ಇಲ್ಲಾಂದ್ರೆ ಸರ್ ಬೈತಾರೆ. ಬಿಳಿ ಬೆಳಕು ಬಿದ್ದರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಮತ್ತೆ ಇಪ್ಪತ್ತು ಮೂವತ್ತು ನಿಮಿಷ ಬೇಕಂತೆ. ಚಾದರ ತಲೆಗೆ ಒಂದೇ ಕೊಡುತ್ತಾರೆ, ಸಾಲುವುದಿಲ್ಲ. ನಮ್ಮ ಕಡೆ ಬಿಸಿಲಿಗೆ ಹೆಸರಾದವರು ನಾವು, ಚಳಿ ಅಂದರೆ ಏನು ಅಂತ ಬೆಳಗಿನ ನಾಲ್ಕಕ್ಕೆ ಗೊತ್ತಾಯಿತು. ಊಟದ ಬಗ್ಗೆ ಮಾತೇ ಇಲ್ಲ. ಖಡಕ್ ರೊಟ್ಟಿ, ಬಿಸಿ ರೊಟ್ಟಿ ಎರಡೂ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಹುಡುಗನ ತಾಯಿ ತಾವೇ ತಟ್ಟುತ್ತಾರೆ. ‘ಇನ್ನೊಂದ್ ಹಾಕ್ಕೋರಿ ಅಣ್ಣಾರ’ ಅಂತ ಅವರು ಅಂದರೆ ಬೇಡ ಅನ್ನುವುದು ಕಷ್ಟ.

ಟೆಲಿಸ್ಕೋಪು ಎಂಟು ಇಂಚಿನದು, ಕಟ್ಟಿಗೆ ಪೀಠದ ಮೇಲೆ ಕೂರಿಸಿದ್ದಾರೆ, ಕೈಯಿಂದ ತಿರುಗಿಸುವುದು. ಮೊದಲು ಮಹಾವ್ಯಾಧ, ಅಂದರೆ ಓರಿಯನ್ ಅನ್ನುವ ಬೇಟೆಗಾರನ ಆಕಾರದ ನಕ್ಷತ್ರಪುಂಜ ತೋರಿಸಿದರು. ನಮ್ಮ ರೈತರಿಗೆ ಈ ಕಡೆಯ ಚುಕ್ಕಿಗಳು ಮಳೆಯ ಹೆಸರಿನಿಂದಲೇ ಗೊತ್ತು. ಮಿರಗ ಮಳೆಯ ಮೃಗಶಿರಾ ಇವನ ತಲೆಯಲ್ಲಿ, ಆರಿದ್ರಾ ಮಳೆಯ ಕೆಂಪು ಚುಕ್ಕಿ ಹೆಗಲಲ್ಲಿ. ನಡುಪಟ್ಟಿಯ ಕೆಳಗೆ ಕತ್ತಿಯ ಹಾಗೆ ಇಳಿದಿರುವ ಕಡೆ ಟೆಲಿಸ್ಕೋಪು ತಿರುಗಿಸಿದರೆ ಬೂದು ಹೊಗೆ, ಅದರ ನಡುವೆ ಅಕ್ಕಿ ನುಚ್ಚಿನಷ್ಟು ಸಣ್ಣ ನಾಲ್ಕು ಚುಕ್ಕಿ. ಸುಮಾರು 1,300 ಜ್ಯೋತಿವರ್ಷ ದೂರದ ಓರಿಯನ್ ನೆಬ್ಯುಲಾ ಅದು. ಹೊಸ ನಕ್ಷತ್ರ ಹುಟ್ಟುವ ಜಾಗ. ಫೋಟೋದಲ್ಲಿ ಕಾಣುವ ಗುಲಾಬಿ ಬಣ್ಣ ಕಣ್ಣಿಗೆ ಕಾಣುವುದಿಲ್ಲ, ನಿರಾಸೆ ಮಾಡಿಕೊಳ್ಳಬೇಡಿ. ನಾನು ಮಾಡಿಕೊಂಡೆ.

ಸರ್ ಆಗ ಒಂದು ಮಾತು ಹೇಳಿದರು. ನೀವು ಈಗ ನೋಡಿದ್ದು ಮನೆಯ ಮುಂದಿನ ಕಟ್ಟೆ. ಮನೆ ಇನ್ನೂ ಹಿಂದೆ ಇದೆ. ಆ ಹೊಗೆಯ ಹಿಂದೆ ತಣ್ಣಗಿನ ಅನಿಲದ ದೊಡ್ಡ ಮೋಡ ಇದೆ, ಅದರೊಳಗೆ ನಕ್ಷತ್ರಗಳು ಹುಟ್ಟುತ್ತಿವೆ, ಈ ಟೆಲಿಸ್ಕೋಪಿಗೆ ಒಂದೂ ಕಾಣುವುದಿಲ್ಲ, ಎಲ್ಲಾ ಧೂಳು ಮುಚ್ಚಿದೆ.

ಇನ್ನು ಸ್ಲೈಡ್ ತೋರಿಸಿ ಹೇಳ್ತೀನಿ ಅಂತ ಪ್ರೊಜೆಕ್ಟರ್ ಹಚ್ಚಿದರು, ಎರಡನೇ ಚಿತ್ರಕ್ಕೆ ಕರೆಂಟು ಹೋಯಿತು. ಇನ್ವರ್ಟರ್ ಇದೆ ಅಂತ ಪೋಸ್ಟರಿನಲ್ಲಿತ್ತು. ಇತ್ತು ಕೂಡ, ಚಾರ್ಜ್ ಇರಲಿಲ್ಲ. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಕರೆಂಟು ಹೋಗಿದ್ದೇ ಒಳ್ಳೆಯದಾಯಿತು. ಸರ್ ಲ್ಯಾಪ್‌ಟಾಪ್ ಮುಚ್ಚಿ, ಬರ್ರಿ ಸೀತನಿ ತಿನ್ನೂನು ಅಂತ ಎಲ್ಲರನ್ನೂ ಬೆಂಕಿ ಹತ್ತಿರ ಕರೆದುಕೊಂಡು ಹೋದರು.

ಸೀತನಿ ಗೊತ್ತಿಲ್ಲದವರಿಗೆ: ಹಾಲು ತುಂಬಿದ ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಕಾಳು ಬಿಡಿಸಿ ತಿನ್ನುವುದು. ಜತೆಗೆ ಬೆಲ್ಲ, ಶೇಂಗಾ ಹಿಂಡಿ, ಮೊಸರು. ನೆಲದಲ್ಲಿ ಮೊಳದಷ್ಟು ಕುಣಿ ತೋಡಿ ಸಂಜೆಯೇ ಕುಳ್ಳು ಒಟ್ಟಿ ಬೆಂಕಿ ಹಾಕಿದ್ದರು. ನಾವು ಹೋಗುವಷ್ಟರಲ್ಲಿ ಉರಿ ಇಳಿದು ಮೇಲೆಲ್ಲಾ ಬೂದಿ ಕೂತಿತ್ತು. ಬೆಂಕಿ ಆರಿತೇನು ನೋಡವ್ವಾ ಅಂತ ಸರ್ ನಮ್ಮ ಹುಡುಗಿಗೆ ಹೇಳಿದರು. ಅವಳು ಬಗ್ಗಿ ನೋಡಿದಳು.

‘ಆರೇತಿ ರಿ ಸರ. ಬರೇ ಬೂದಿ ಐತಿ.’

‘ಕಣ್ಣಿಗೆ ಆರೇತಿ. ಕೈ ಹಿಡಿ ನೋಡೂನು.’

ಹಿಡಿದಳು, ಹಿಡಿದ ಕೂಡಲೇ ಹಿಂದಕ್ಕೆ ಎಳೆದುಕೊಂಡಳು. ಬೂದಿ ಮುಚ್ಚಿದ ಕೆಂಡ ಅಂತ ನಾವು ಮನುಷ್ಯರ ಬಗ್ಗೆ ಹೇಳುತ್ತೇವೆ, ಮೇಲೆ ಸುಮ್ನೆ ಇದ್ದು ಒಳಗೆ ಕುದಿಯುವವರಿಗೆ. ಸರ್ ಅದನ್ನು ಗ್ಯಾಲಕ್ಸಿಗೆ ಹೇಳಿದರು. ಒಳಗೆ ನಕ್ಷತ್ರಗಳು ರಾಶಿ ರಾಶಿ ಹುಟ್ಟುತ್ತಿರುತ್ತವೆ. ಅವುಗಳ ಬೆಳಕನ್ನು ಸುತ್ತಲಿನ ಧೂಳು ನುಂಗಿಬಿಡುತ್ತದೆ. ನುಂಗಿದ್ದು ಎಲ್ಲಿಗೆ ಹೋಗುತ್ತದೆ, ಧೂಳು ಒಂಚೂರು ಬಿಸಿಯಾಗಿ ಆ ಬಿಸಿಯನ್ನು ಹೊರಗೆ ಬಿಡುತ್ತದೆ. ಬಿಸಿ ಅಂದರೆ ನಮ್ಮ ಲೆಕ್ಕದ ಬಿಸಿ ಅಲ್ಲ, ಸೊನ್ನೆಗಿಂತ 200ಕ್ಕೂ ಹೆಚ್ಚು ಡಿಗ್ರಿ ಕೆಳಗೇ. ಅದು ಕಣ್ಣಿಗೆ ಕಾಣುವ ಬೆಳಕಾಗಿ ಬರುವುದಿಲ್ಲ, ಇನ್ಫ್ರಾರೆಡ್ ಮತ್ತು ಮಿಲಿಮೀಟರ್ ಆಸುಪಾಸಿನ ಅಲೆಗಳಾಗಿ ಬರುತ್ತದೆ. ಕಣ್ಣಿನ ಟೆಲಿಸ್ಕೋಪಿಗೆ ಬೂದಿ ಕಾಣುತ್ತದೆ, ಕೈ ಹಿಡಿಯುವ ಟೆಲಿಸ್ಕೋಪಿಗೆ ಕೆಂಡ.

ಈಗ ಗಾಮಾ ಸ್ಫೋಟ ಎಲ್ಲಿಂದ ಬಂತು ಅಂದರೆ, ಪೋಸ್ಟರಿನಿಂದ. ನನ್ನ ಪಕ್ಕದಲ್ಲಿ ಕೂತಿದ್ದ ಬಾಗಲಕೋಟೆಯ ಒಬ್ಬರು ನೇರವಾಗಿ ಕೇಳಿಯೇಬಿಟ್ಟರು, ಸರ, ಸ್ಫೋಟ ತೋರಸ್ತೀನಿ ಅಂದ್ರಲ್ಲ, ಎಷ್ಟೊತ್ತಿಗೆ? ಸರ್ ನಕ್ಕರು. ಪೋಸ್ಟರ್ ಮಾಡಿದ್ದು ಹುಡುಗ, ನಾನಲ್ಲ ಅಂದರು. ಹುಡುಗ ಕತ್ತಲಲ್ಲಿ ಎದ್ದು ಮೊಸರು ತರಲು ಹೋದ. ಬರಿಗಣ್ಣಿಗೆ ಕಾಣುವಂಥದ್ದು ಒಮ್ಮೆ ಆಗಿತ್ತಂತೆ, 2008ರ ಮಾರ್ಚ್ 19ರಂದು. 750 ಕೋಟಿ ಜ್ಯೋತಿವರ್ಷ ದೂರದ ಸ್ಫೋಟದ ಬೆಳಕು ಅರ್ಧ ನಿಮಿಷದಷ್ಟು ಹೊತ್ತು ಮಂದ ನಕ್ಷತ್ರದ ಹಾಗೆ ಮಿನುಗಿತ್ತು. ಸರಿಯಾಗಿ ಆ ಕಡೆ, ಸರಿಯಾಗಿ ಆ ಹೊತ್ತಿಗೆ, ಕತ್ತಲಲ್ಲಿ ನಿಂತು ನೋಡುತ್ತಿದ್ದವನಿಗೆ ಕಾಣುತ್ತಿತ್ತು. ಅದಕ್ಕೆ 850 ರೂಪಾಯಿ ಟಿಕೆಟ್ ಇಡಲು ಆಗುವುದಿಲ್ಲ.

ಇದು ಮೊದಲು ಸಿಕ್ಕ ಕಥೆಯೇ ಚೆನ್ನಾಗಿದೆ. ಯಾರಾದರೂ ಗುಟ್ಟಾಗಿ ಅಣುಬಾಂಬ್ ಪರೀಕ್ಷೆ ಮಾಡುತ್ತಾರಾ ಅಂತ ಕಾಯಲು ಅಮೆರಿಕ ವೇಲಾ ಅನ್ನುವ ಉಪಗ್ರಹಗಳನ್ನು ಹಾರಿಸಿತ್ತು. 1967ರಲ್ಲಿ ಅವಕ್ಕೆ ಗಾಮಾ ಕಿರಣದ ಮಿಂಚು ಸಿಕ್ಕಿತು, ಬಾಂಬಿನದಲ್ಲ, ಭೂಮಿಯದೂ ಅಲ್ಲ. ಜಗತ್ತಿಗೆ ಹೇಳಿದ್ದು 1973ರಲ್ಲಿ. ಎಷ್ಟು ದೂರದಿಂದ ಬರುತ್ತಿದೆ ಅನ್ನುವುದು ಗ್ಯಾರಂಟಿಯಾಗಿದ್ದು 1997ರಲ್ಲಿ. ಈಗ ಇವನ್ನು ಹುಡುಕಲು ಸ್ವಿಫ್ಟ್ ಅನ್ನುವ ಉಪಗ್ರಹ ಇದೆ, ನಮ್ಮ ಇಸ್ರೋ 2015ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್ ಕೂಡ ಇವನ್ನು ಹಿಡಿದಿದೆ. ಎರಡು ಸೆಕೆಂಡಿಗಿಂತ ಉದ್ದ ಇರುವವು ಸಾಮಾನ್ಯವಾಗಿ ಭಾರೀ ನಕ್ಷತ್ರ ಕುಸಿದು ಸಾಯುವಾಗ ಬರುವವು. ಗಿಡ್ಡ ಇರುವವುಗಳ ಕಥೆ ಬೇರೆ, ಅದನ್ನು ಬಿಡಿ.

ಸರ್ ಇಲ್ಲಿಂದ ಹಿಡಿದ ಎಳೆ ನನಗೆ ತುಂಬಾ ಹಿಡಿಸಿತು. ಭಾರೀ ನಕ್ಷತ್ರಕ್ಕೆ ಆಯುಷ್ಯ ಕಡಿಮೆ, ಕೆಲವೇ ಹತ್ತಾರು ಲಕ್ಷ ವರ್ಷ, ಸೂರ್ಯನ ಹಾಗೆ ಸಾವಿರ ಕೋಟಿ ಅಲ್ಲ. ಹುಟ್ಟಿದ ಊರು ಬಿಟ್ಟು ಹೋಗುವಷ್ಟು ಪುರುಸೊತ್ತು ಅದಕ್ಕಿಲ್ಲ, ತೊಟ್ಟಿಲ ಪಕ್ಕದಲ್ಲೇ ಸಾಯುತ್ತದೆ. ಅಂದರೆ ಒಂದು ಗಾಮಾ ಸ್ಫೋಟ ಕಂಡರೆ ಅಲ್ಲಿ ನಕ್ಷತ್ರಗಳ ಹೆರಿಗೆಮನೆ ಇದೆ ಅಂತ ಲೆಕ್ಕ. ಗಾಮಾ ಕಿರಣಕ್ಕೆ ಧೂಳು ಲೆಕ್ಕಕ್ಕೇ ಇಲ್ಲ, ತೂರಿಕೊಂಡು ಬರುತ್ತದೆ. ಹಾಗಾಗಿ ಬೂದಿ ಮುಚ್ಚಿದ ಗ್ಯಾಲಕ್ಸಿಯೊಳಗೂ ಇಲ್ಲಿ ಕೆಂಡ ಇದೆ ಅಂತ ಬೆರಳು ತೋರಿಸುವ ಗುರುತು ಇದು. ಎಷ್ಟೋ ಸ್ಫೋಟಗಳಲ್ಲಿ ಗಾಮಾ ಬಂತು, ಎಕ್ಸ್‌ರೇ ಬಂತು, ಆದರೆ ಕಣ್ಣಿನ ಬೆಳಕು ಬರಲೇ ಇಲ್ಲ. ಕತ್ತಲೆ ಸ್ಫೋಟ ಅನ್ನುತ್ತಾರೆ ಅವಕ್ಕೆ. ಕೆಲವು ತುಂಬಾ ದೂರದವು, ಆದರೆ ಬಹಳಷ್ಟರಲ್ಲಿ ಬೆಳಕನ್ನು ನುಂಗಿದ್ದು ಧೂಳೇ.

ಹಾಗಾದರೆ ಸ್ಫೋಟ ಆದ ಗ್ಯಾಲಕ್ಸಿಗಳಲ್ಲಿ ಬಚ್ಚಿಟ್ಟ ನಕ್ಷತ್ರ ಎಷ್ಟಿದೆ? ನಕ್ಷತ್ರ ಹುಟ್ಟಲು ಬೇಕಾದ ಕಚ್ಚಾ ಮಾಲು, ತಣ್ಣಗಿನ ಹೈಡ್ರೋಜನ್ ಅಣು, ಎಷ್ಟು ದಾಸ್ತಾನಿದೆ? ಇಲ್ಲಿಂದ ನನ್ನ ಕಸುಬಿನ ಮಾತು ಶುರುವಾಯಿತು, ಕಿವಿ ನಿಮಿರಿತು. ನಾನು ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಒಂದು ಲೋಡು ಜೋಳ ಬಂದರೆ ಪ್ರತಿ ಚೀಲ ಬಿಚ್ಚಿ ನೋಡುವುದಿಲ್ಲ. ಚೂಪು ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು ಇಡೀ ಲೋಡಿನ ಅಂದಾಜು ಮಾಡುತ್ತೇವೆ.

ಆಕಾಶದಲ್ಲೂ ಇದೇ. ಹೈಡ್ರೋಜನ್ ಅಣು ತಣ್ಣಗಿದ್ದರೆ ಬಾಯಿ ಬಿಡುವುದಿಲ್ಲ. ಎರಡು ಕಡೆ ಒಂದೇ ತೂಕ, ಸಮನಾಗಿ ನಿಂತ ತಕ್ಕಡಿ, ಅಲುಗಾಡಿ ಅಲೆ ಬಿಡುವ ಮಾತೇ ಇಲ್ಲ. ಅದರ ಜತೆ ಸ್ವಲ್ಪ ಕಾರ್ಬನ್ ಮಾನಾಕ್ಸೈಡ್ ಬೆರೆತಿರುತ್ತದೆ. ಅದರ ತಕ್ಕಡಿ ಒಂದು ಕಡೆಗೆ ವಾಲಿದ್ದು, ಹಾಗಾಗಿ ತಿರುಗಿದಾಗ ರೇಡಿಯೋ ಅಲೆ ಬಿಡುತ್ತದೆ, 115 ಗಿಗಾಹರ್ಟ್ಸ್, 2.6 ಮಿಲಿಮೀಟರ್ ಉದ್ದದ್ದು. ಆ ಅಲೆ ಎಷ್ಟು ಜೋರಿದೆ ಅಂತ ಅಳೆದು, ಒಂದು ಸಂಖ್ಯೆಯಿಂದ ಗುಣಿಸಿ, ಹೈಡ್ರೋಜನ್ ಇಷ್ಟಿರಬೇಕು ಅನ್ನುತ್ತಾರೆ.

ಇಲ್ಲಿ ನಾನು ಬಾಯಿ ಹಾಕಿದೆ. ‘ಸರ, ಆ ಗುಣಿಸೋ ಸಂಖ್ಯಾ ಎಲ್ಲಾ ಮಾಲಿಗೂ ಒಂದ ಇರ್ತೈತೇನ್ರಿ? ನಮ್ಮಲ್ಲಿ ಹಸಿ ಮಾಲಿಗೆ ಬ್ಯಾರೆ, ಒಣ ಮಾಲಿಗೆ ಬ್ಯಾರೆ.’

ಸರ್ ಕೈಯಲ್ಲಿದ್ದ ತೆನೆ ಕೆಳಗಿಟ್ಟರು. ‘ಅಲ್ಲೇ ನೋಡ್ರಿ ತಕರಾರು ಇರೋದು’ ಅಂದರು. ಸ್ಫೋಟ ಆಗುವ ಗ್ಯಾಲಕ್ಸಿಗಳಲ್ಲಿ ಬಹಳಷ್ಟು ಸಣ್ಣವು, ನೀಲಿ, ಎಳೆಯವು. ಕಾರ್ಬನ್, ಆಮ್ಲಜನಕದಂಥ ಭಾರದ ಧಾತುಗಳು ಕಡಿಮೆ, ಧೂಳೂ ಕಡಿಮೆ. ನೆರಳಿಲ್ಲದ ಕಡೆ ಬಿಸಿ ನಕ್ಷತ್ರಗಳ ನೇರಳಾತೀತ ಬೆಳಕು ಕಾರ್ಬನ್ ಮಾನಾಕ್ಸೈಡನ್ನು ಒಡೆದುಹಾಕುತ್ತದೆ, ಹೈಡ್ರೋಜನ್ ಮಾತ್ರ ಹೇಗೋ ಉಳಿದುಕೊಳ್ಳುತ್ತದೆ. ಆಗ ಕೊಳವೆ ಚುಚ್ಚಿದರೆ ಕಾಳೇ ಬರುವುದಿಲ್ಲ, ಚೀಲ ತುಂಬಿದ್ದರೂ. ಹಳೆಯ ಸಂಖ್ಯೆಯಿಂದ ಗುಣಿಸಿದರೆ ದಾಸ್ತಾನು ಇಲ್ಲ ಅಂತ ತಪ್ಪು ಲೆಕ್ಕ ಬರುತ್ತದೆ. ನಾನು ದಿನಾ ಮಾಡುವ ಜಗಳವನ್ನೇ ಇವರು ಆಕಾಶದಲ್ಲಿ ಮಾಡುತ್ತಿದ್ದಾರಲ್ಲ ಅನಿಸಿತು.

ವರ್ಷಗಟ್ಟಲೆ ಹೀಗೇ ಆಯಿತಂತೆ. ಹವಾಯಿಯ ಬೆಟ್ಟದ ಮೇಲಿನ 15 ಮೀಟರ್ ತಟ್ಟೆ ಟೆಲಿಸ್ಕೋಪಿನಿಂದ ಧೂಳಿನ ಬಿಸಿ ಹುಡುಕಿದರೆ ನಾಲ್ಕಾರು ಗ್ಯಾಲಕ್ಸಿ ಸಿಕ್ಕವು, ಉಳಿದವು ಮೌನ. ಕಾರ್ಬನ್ ಮಾನಾಕ್ಸೈಡ್ ಹುಡುಕಿದರೆ ಅಲ್ಲೂ ಹೆಚ್ಚುಕಡಿಮೆ ಖಾಲಿ ಕೈ. ಆಮೇಲೆ ಚಿಲಿ ದೇಶದಲ್ಲಿ ಆಲ್ಮಾ ಅನ್ನುವ ಟೆಲಿಸ್ಕೋಪು ಬಂತು. 5,000 ಮೀಟರ್ ಎತ್ತರದ ಒಣ ಬಯಲಲ್ಲಿ 66 ತಟ್ಟೆಗಳು. ಅಷ್ಟು ಮೇಲೆ ಯಾಕೆ ಅಂದರೆ ಗಾಳಿಯ ತೇವ ಈ ಅಲೆಗಳನ್ನು ಕುಡಿದುಬಿಡುತ್ತದೆ. ತೇವ ಕಡಿಮೆ ಅಂದರೆ ನಮ್ಮೂರಿಗೂ ತರಬಹುದಿತ್ತಲ್ಲ ಸರ ಅಂತ ಯಾರೋ ಅಂದರು, ಎಲ್ಲರೂ ನಕ್ಕರು.

2014ರ ಜೂನ್‌ನಲ್ಲಿ ಜಪಾನಿನ ಹಟ್ಸುಕಡೆ ಮತ್ತು ಜತೆಗಾರರು ನೇಚರ್ ಪತ್ರಿಕೆಯಲ್ಲಿ ಬರೆದರು. ಆಲ್ಮಾದಿಂದ ಎರಡು ಗ್ಯಾಲಕ್ಸಿ ನೋಡಿದ್ದಾರೆ: 020819ಬಿ ಮತ್ತು 051022 ಸ್ಫೋಟಗಳ ಮನೆಗಳು. ಹೆಸರು ನೋಡಿದರೆ ನಮ್ಮ ಕಿರ್ದಿ ಪುಸ್ತಕದ ಹಾಗಿದೆ: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. 2002ರ ಆಗಸ್ಟ್ 19, 2005ರ ಅಕ್ಟೋಬರ್ 22. ಎರಡರಲ್ಲೂ ಕಾರ್ಬನ್ ಮಾನಾಕ್ಸೈಡ್ ಸಿಕ್ಕಿತು. ಆದರೆ ಮೊದಲನೆಯದರಲ್ಲಿ ಒಂದು ವಿಚಿತ್ರ ಇತ್ತು. ಅದು ಸುಮಾರು 430 ಕೋಟಿ ಜ್ಯೋತಿವರ್ಷ ದೂರದ ಚಂದದ ಸುರುಳಿ ಗ್ಯಾಲಕ್ಸಿ. ಅನಿಲ ಇದ್ದಿದ್ದು ನಡುಮನೆಯಲ್ಲಿ. ಸ್ಫೋಟ ಆಗಿದ್ದು ಹೊರಗಿನ ಅಂಚಿನಲ್ಲಿ. ಆ ಅಂಚಿನಲ್ಲಿ ಧೂಳು ಬೇಕಾದಷ್ಟಿದೆ, ಅನಿಲ ಕಾಣುತ್ತಿಲ್ಲ. ಧೂಳಿದ್ದ ಕಡೆ ಅನಿಲ ಇರಲೇಬೇಕಲ್ಲ? ಭಾರೀ ನಕ್ಷತ್ರಗಳ ಬೆಳಕು ಅಣುಗಳನ್ನು ಒಡೆದಿರಬೇಕು ಅಂತ ಅರ್ಥ ಮಾಡಿಕೊಂಡರು. ಓದಿದ ಎಲ್ಲರೂ ಹೌದೌದು ಅಂದರು.

‘ನಾನೂ ಹೌದು ಅಂದೆ’ ಅಂದರು ಸರ್. ‘ಎರಡು ವರ್ಷ ಕ್ಲಾಸಿನ್ಯಾಗ ಹುಡುಗರಿಗೆ ಇದನ್ನ ಹೇಳೀನಿ.’

ಆಮೇಲೆ ಪರ್ಲಿ ಅನ್ನುವವರ ತಂಡ ಅಂಚಿನ ಆ ಚುಕ್ಕೆಯ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿತು. 2017ರಲ್ಲಿ ಅಚ್ಚಾದ ಅವರ ಲೇಖನದ ಪ್ರಕಾರ ಅದು ಆ ಸುರುಳಿ ಗ್ಯಾಲಕ್ಸಿಯ ಭಾಗವೇ ಅಲ್ಲ. ಅದರ ಹಿಂದೆ, ತುಂಬಾ ಹಿಂದೆ, ಬೆಳಕು ಸುಮಾರು 1,000 ಕೋಟಿ ವರ್ಷ ನಡೆದು ಬರಬೇಕಾದಷ್ಟು ದೂರದಲ್ಲಿ, ಬೇರೆಯದೇ ಒಂದು ಗ್ಯಾಲಕ್ಸಿ. ಧೂಳು ಮುಸುಕಿದ್ದು, ಒಳಗೆ ಭರ್ಜರಿಯಾಗಿ ನಕ್ಷತ್ರ ಹುಟ್ಟುತ್ತಿರುವುದು. ನಾವು ನೋಡುವ ಗೆರೆಯಲ್ಲಿ ಎರಡೂ ಒಂದರ ಮೇಲೊಂದು ಬಿದ್ದಿವೆ, ಅಷ್ಟೇ. ಸ್ಫೋಟ ಆಗಿದ್ದು ಹಿಂದಿನದರಲ್ಲಿ.

ಸರ್ ಇನ್ನೂ ಮುಗಿಸಿರಲಿಲ್ಲ, ನಮ್ಮ ಹುಡುಗಿ ನನ್ನ ತೋಳು ಹಿಡಿದು ಎಳೆದಳು. ‘ಮಾಮಾ, ಪತ್ರಾ ಶೆಡ್ಡು!’

ಎಲ್ಲರಿಗೂ ಹೊಳೆಯಿತು. ಅಲ್ಲಿದ್ದ ಹದಿನೆಂಟು ಜನರಲ್ಲಿ ಅರ್ಧಕ್ಕರ್ಧ ಜನ ಆ ಅಜ್ಜನ ಶೆಡ್ಡಿನ ಮುಂದೆ ಹಾರ್ನ್ ಹೊಡೆದು ಬಂದವರೇ. ಆಕಾಶ ಹಿಂದಿನ ಹೊಲದಾಗ ಐತಿ! ಸರ್‌ಗೆ ಮೊದಲು ಅರ್ಥ ಆಗಲಿಲ್ಲ, ಹೇಳಿದ ಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಪಿನ್ ಹಾಕಿದ ಹುಡುಗ ಮತ್ತೆ ಮೊಸರು ತರಲು ಹೋದ.

ಆದರೆ ಅನಿಲ ಯಾಕೆ ಕಾಣಲಿಲ್ಲ ಅನ್ನುವುದು ನನಗೆ ಇನ್ನೂ ಬಗೆಹರಿದಿರಲಿಲ್ಲ. ಹಿಂದಿನ ಗ್ಯಾಲಕ್ಸಿಯ ಧೂಳು ಕಂಡರೆ ಅನಿಲವೂ ಕಾಣಬೇಕಲ್ಲ? ಸರ್ ರೇಡಿಯೋ ಉದಾಹರಣೆ ಕೊಟ್ಟರು. ಧೂಳಿನ ಬಿಸಿ ಅಂದರೆ ಗದ್ದಲ ಇದ್ದ ಹಾಗೆ, ಮುಳ್ಳು ಎಲ್ಲಿಟ್ಟರೂ ಸ್ವಲ್ಪ ಕೇಳುತ್ತದೆ. ಅನಿಲ ಅಂದರೆ ಸ್ಟೇಶನ್. ಧಾರವಾಡಕ್ಕೆ ಮುಳ್ಳಿಟ್ಟು ಕೂತರೆ ಸೊಲ್ಲಾಪುರ ಕೇಳುತ್ತದಾ? ಗ್ಯಾಲಕ್ಸಿ ದೂರ ಹೋದಷ್ಟೂ ಅಲೆ ಉದ್ದ ಎಳೆದುಕೊಳ್ಳುತ್ತದೆ, ಸ್ಟೇಶನ್ ಜಾಗ ಬದಲಾಗುತ್ತದೆ. ಅವರು ಮುಂದಿನ ಗ್ಯಾಲಕ್ಸಿಯ ದೂರಕ್ಕೆ ಮುಳ್ಳಿಟ್ಟಿದ್ದರು. ಮುಂದಿನದರ ಅನಿಲ ಕೇಳಿತು, ಹಿಂದಿನದರ ಧೂಳು ಕೇಳಿತು. ಎರಡನ್ನೂ ಒಂದೇ ಮನೆಯ ಖಾತೆಗೆ ಬರೆದರೆ ತಾಳೆ ಆಗುವುದು ಹೇಗೆ?

‘ಹಂಗಾದ್ರ ಮೊದಲು ಬರದಾವ್ರು ತಪ್ಪು ಮಾಡಿದ್ರು ಅನ್ರಿ’ ಅಂದರು ಬಾಗಲಕೋಟೆಯವರು.

‘ಅಳತಿ ತಪ್ಪಿಲ್ರಿ. ಅಳತಿ ಇವತ್ತಿಗೂ ಖರೆ. ಅಡ್ರೆಸ್ ತಪ್ಪಿತ್ತು.’

ಇಷ್ಟು ಹೇಳಿ ಸರ್ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಎರಡೂ ಲೇಖನಗಳ ಪ್ರಿಂಟು, ಒಂದೇ ಪಿನ್ನು ಹೊಡೆದು ಜೋಡಿಸಿಟ್ಟಿದ್ದಾರೆ. 2014ರದರ ಅಂಚಿನಲ್ಲಿ ಪೆನ್ಸಿಲಿನಿಂದ ಅವರದೇ ಟಿಪ್ಪಣಿ, ಅದರ ಮೇಲೆ ಕೆಂಪು ಗೆರೆ. ಯಾಕೆ ಇಟ್ಟುಕೊಂಡಿದ್ದೀರಿ ಅಂದರೆ, ಹಳೆ ವಿದ್ಯಾರ್ಥಿಗಳು ಸಿಕ್ಕಾಗ ತೋರಿಸಲು ಅಂದರು. ಇಬ್ಬರಿಗೆ ಫೋನ್ ಮಾಡಿ ಹೇಳಿದ್ದಾರಂತೆ, ಉಳಿದವರ ನಂಬರ್ ಇಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಮಾರ್ಕೆಟ್ಟಿನಲ್ಲಿದ್ದೇನೆ. ಹಳೆ ಗಿರಾಕಿಗೆ ಫೋನ್ ಮಾಡಿ, ಅವತ್ತು ನಾನು ಹೇಳಿದ ತೂಕ ತಪ್ಪು ಅಂದವನನ್ನು ಇನ್ನೂ ಕಂಡಿಲ್ಲ. ನನ್ನನ್ನೂ ಸೇರಿಸಿ.

ಹಾಗಾದರೆ ಸ್ಫೋಟದ ಗ್ಯಾಲಕ್ಸಿಗಳಲ್ಲಿ ಅನಿಲಕ್ಕೆ ಬರ ಇದೆಯಾ, ಇಲ್ಲವಾ? ಆಮೇಲೆ ಜಾಸ್ತಿ ಗ್ಯಾಲಕ್ಸಿ ನೋಡಿದ ಮೇಲೆ ಹೊರಟಿದ್ದು, ಅಂಥ ವಿಶೇಷ ಬರ ಏನಿಲ್ಲ, ಅಷ್ಟೇ ವೇಗದಲ್ಲಿ ನಕ್ಷತ್ರ ಹೆರುವ ಬೇರೆ ಗ್ಯಾಲಕ್ಸಿಗಳಲ್ಲಿ ಎಷ್ಟಿರುತ್ತದೋ ಹೆಚ್ಚುಕಡಿಮೆ ಅಷ್ಟೇ. 080207 ಅನ್ನುವ ಸ್ಫೋಟದ ಮನೆಯಲ್ಲಿ ಸಿಕ್ಕ ದಾಸ್ತಾನು ಸುಮಾರು 10,000 ಕೋಟಿ ಸೂರ್ಯರ ತೂಕದಷ್ಟು. 080607ರಲ್ಲಂತೂ ಸ್ಫೋಟದ ಬೆಳಕೇ ಅಣುಗಳ ಮೋಡ ತೂರಿಕೊಂಡು ಬಂದು, ಹೈಡ್ರೋಜನ್ ಅಣು, ಕಾರ್ಬನ್ ಮಾನಾಕ್ಸೈಡ್ ಎರಡರ ಬೆರಳಚ್ಚನ್ನೂ ಹೊತ್ತು ತಂದಿತ್ತು. ಅದು 1,100 ಕೋಟಿ ವರ್ಷಕ್ಕೂ ಹಳೆಯ ಬೆಳಕು. ಬಚ್ಚಿಟ್ಟ ನಕ್ಷತ್ರಗಳನ್ನು ರೇಡಿಯೋದಲ್ಲೂ ಹುಡುಕುತ್ತಾರೆ, ರೇಡಿಯೋಗೂ ಧೂಳು ಅಡ್ಡಿಯಿಲ್ಲ. ಅಲ್ಲಿ ಒಂದು ಕಿರಿಕಿರಿ: ಸ್ಫೋಟದ ಕಾವೇ ರೇಡಿಯೋದಲ್ಲಿ ವರ್ಷಗಟ್ಟಲೆ ಉಳಿದು ನಕ್ಷತ್ರದ ಲೆಕ್ಕದೊಳಗೆ ಸೇರಿಕೊಳ್ಳಬಹುದು. ಅದು ಆರುವ ತನಕ ಕಾಯಬೇಕು.

ಪಕ್ಕದ ಮಹಾರಾಷ್ಟ್ರದ ಪುಣೆ ಜಿಲ್ಲೆಯ ಖೋಡದ್ ಗ್ರಾಮದ ಹತ್ತಿರವೂ ಇಂಥದ್ದೊಂದು ಕೆಲಸ ನಡೆದಿದೆ ಅನ್ನುವುದು ನನಗೆ ಹೊಸದು. ಅಲ್ಲಿ 45 ಮೀಟರ್ ಅಗಲದ 30 ತಟ್ಟೆಗಳ ಜಿಎಂಆರ್‌ಟಿ ಅನ್ನುವ ರೇಡಿಯೋ ಟೆಲಿಸ್ಕೋಪು ಇದೆ. 980425 ಅನ್ನುವ ಸ್ಫೋಟದ ಮನೆ ನಮಗೆ ಹತ್ತಿರದ್ದು, ಸುಮಾರು 12 ಕೋಟಿ ಜ್ಯೋತಿವರ್ಷ. ಅದರ ಹೈಡ್ರೋಜನ್ ಅಲೆಯನ್ನು 2015ರಲ್ಲಿ ಅಲ್ಲಿಂದಲೇ ಹಿಡಿದರು, ಸ್ಫೋಟದ ಮನೆಯೊಂದರಲ್ಲಿ ಆ ಅಲೆ ಸಿಕ್ಕಿದ್ದು ಅದೇ ಮೊದಲು. ಇದು ಅಣು ಆಗದ ಬಿಡಿ ಹೈಡ್ರೋಜನ್, ಅಣು ಆಗುವ ಮೊದಲಿನ ಸರಕು ಅನ್ನಿ. ಅಲ್ಲಿ ಅನಿಲ ಕಲಕಿಹೋಗಿದೆ, ಎರಡು ಗ್ಯಾಲಕ್ಸಿ ಡಿಕ್ಕಿ ಹೊಡೆದು ಸೇರಿದ ಗುರುತು. ಬೆಳಗಾವಿಯಿಂದ ಬಂದಿದ್ದ ಇಬ್ಬರು ಹುಡುಗರು ಪುಣೆ ಹೈವೇ ಹಿಡಿದು ಹೋಗಿ ನೋಡಿಬರುತ್ತೇವೆ ಅಂತ ಅಲ್ಲೇ ಪ್ಲಾನ್ ಹಾಕಿದರು. ಹೋದರೋ ಇಲ್ಲವೋ.

ಹನ್ನೆರಡರ ಮೇಲೆ ಮಾತು ಮುಗಿಯಿತು. ಯಾರಿಗೂ ಏಳಲು ಮನಸ್ಸಿಲ್ಲ, ಕುಣಿಯ ಬಿಸಿ ಇನ್ನೂ ಇತ್ತು. ನಮ್ಮ ಮನೆಯವಳು ಕೋಲಿನಿಂದ ಬೂದಿ ಸರಿಸಿದಳು, ಕೆಳಗೆ ಕೆಂಪಗೆ ಹೊಳೆಯಿತು, ಇನ್ನೆರಡು ತೆನೆ ಇಟ್ಟಳು.

ಹೋಗುವವರಿಗೆ ನನ್ನ ಸಲಹೆ. ಮನೆಯಿಂದ ಇನ್ನೊಂದು ಚಾದರ, ಕಿವಿ ಮುಚ್ಚುವ ಟೋಪಿ ತಗೊಳ್ಳಿ. ಐದು ವರ್ಷದೊಳಗಿನ ಮಕ್ಕಳನ್ನು ಬಿಟ್ಟು ಹೋಗಿ, ಅವಕ್ಕೆ ಬೇಜಾರು, ನಿಮಗೆ ಅದಕ್ಕಿಂತ ಜಾಸ್ತಿ. ಫೋಟೋ ಹುಚ್ಚಿನವರಿಗೆ ಇದು ಜಾಗ ಅಲ್ಲ, ಫೋನಿನಲ್ಲಿ ಕಪ್ಪು ಬಿಟ್ಟರೆ ಏನೂ ಬರುವುದಿಲ್ಲ. ಇನ್ವರ್ಟರ್ ಚಾರ್ಜ್ ಮಾಡಬೇಡಿ ಅಂತ ನಾನೇ ಹುಡುಗನಿಗೆ ಹೇಳಿ ಬಂದಿದ್ದೇನೆ. ಮತ್ತು ಆ ಪೋಸ್ಟರ್ ಬದಲಿಸಪ್ಪ, ಸ್ಫೋಟ ತೋರಿಸ್ತೀವಿ ಅಂತ ಹಾಕಬೇಡ ಅಂದೆ. ಏನು ಹಾಕಲಿ ಅಣ್ಣಾ ಅಂದ. ‘ಸೀತನಿ’ ಅಂತ ಹಾಕು ಸಾಕು, ಜನ ಬರ್ತಾರೆ ಅಂದೆ.

ಮೊನ್ನೆ ಮೆಸೇಜ್ ಕಳಿಸಿದ್ದಾನೆ, ಅಣ್ಣಾ ಪಿನ್ ಸರಿ ಮಾಡೇನಿ, ಒಮ್ಮೆ ನೋಡ್ರಿ ಅಂತ. ತೆರೆದು ದೊಡ್ಡದು ಮಾಡಿ ನೋಡಿದೆ. ಪತ್ರಾ ಶೆಡ್ಡು ದಾಟಿದೆ, ಹೊಲವೂ ಸರಿ ಇದೆ. ಈಗ ಅವರ ಬಾವಿಯೊಳಗೆ ಬಿದ್ದಿದೆ.